ಹುಲಿ ಚಿತ್ರ ಹಾಕಿದ ಜಾಗ

ನಮ್ಮ ನಿಪ್ಪಾಣಿಯಲ್ಲಿ ಒಬ್ಬ ಹುಡುಗ ಯಾರ ಜೊತೆ ತಿರುಗುತ್ತಾನೆ ಅಂತ ತಿಳಿಯಬೇಕಾದರೆ ಅವನನ್ನು ಕೇಳಬೇಕಿಲ್ಲ. ಅವನ ಹುಟ್ಟುಹಬ್ಬದ ಫ್ಲೆಕ್ಸ್ ನೋಡಿದರೆ ಸಾಕು. ಹುಟ್ಟುಹಬ್ಬ ಅಂತ ನಾವು ಬರೆಯುತ್ತೇವೆ, ಬಾಯಲ್ಲಿ ಎಲ್ಲರೂ ಮರಾಠಿಯಲ್ಲಿ ವಾಢದಿವಸ ಅಂತಲೇ ಅನ್ನುತ್ತಾರೆ. ನಡುವೆ ಹುಡುಗ ಕರಿ ಗಾಗಲ್ ಹಾಕಿಕೊಂಡು ಆಳೆತ್ತರ ನಿಂತಿರುತ್ತಾನೆ. ತಲೆಯ ಮೇಲಿನ ಪಟ್ಟಿಯಲ್ಲಿ ಮಾರ್ಗದರ್ಶಕರು, ಅಂದರೆ ಗ್ರೂಪಿನ ದೊಡ್ಡ ತಲೆಗಳು. ಕಾಲ ಕೆಳಗೆ ಶುಭ ಕೋರುವವರು, ದುಂಡು ದುಂಡು ಸಣ್ಣ ಮುಖಗಳು. ಬಲ ಭುಜದ ಪಕ್ಕದಲ್ಲಿ ಯಾರ ಮುಖ ಇದೆಯೋ ಅವನೇ ಜಿಗರಿ ದೋಸ್ತ. ಅಕ್ಷರ ಬಾರದ ಮುದುಕಿ ಕೂಡ ಇದನ್ನು ಓದುತ್ತಾಳೆ. ಹೋದ ವರ್ಷ ಇದ್ದ ಮುಖ ಈ ವರ್ಷ ಇಲ್ಲ ಅಂದರೆ ಸಂಜೆ ಚಹಾದ ಹೊತ್ತಿಗೆ ಊರೆಲ್ಲ ಸುದ್ದಿ: 'ಅಂವನ್ನ ತೆಗದಾರಂತ.'

ಈ ಕ್ರಮ ನನಗೆ ಚೆನ್ನಾಗಿ ಗೊತ್ತಿತ್ತು. ಅಂಥ ಫ್ಲೆಕ್ಸ್ ಮಾಡುವವರಲ್ಲಿ ನಾನೂ ಒಬ್ಬ. ಗೊತ್ತಿಲ್ಲದೆ ಮಾಡಿದೆ ಅಂತ ಹೇಳಿಕೊಳ್ಳುವ ದಾರಿ ನನಗಿಲ್ಲ.

ಹತ್ತನೆಯ ಇಯತ್ತೆ ಪಾಸಾದ ಮೇಲೆ ನಾನು ಒಬ್ಬ ಮುಸಲ್ಮಾನ ಉಸ್ತಾದರ ಹತ್ತಿರ ಬೋರ್ಡ್ ಬರೆಯುವುದನ್ನು ಕಲಿತೆ. ಕಿರಾಣಿ ಅಂಗಡಿ, ತಂಬಾಕು ತುಂಬಿಡುವ ವಖಾರಿ, ಲಾರಿಯ ಹಿಂಬದಿ, ಶಾಲೆಯ ಗೋಡೆ, ಕನ್ನಡದಲ್ಲೂ ಮರಾಠಿಯಲ್ಲೂ ಬರೆದೆ. ಆಮೇಲೆ ಫ್ಲೆಕ್ಸ್ ಬಂತು, ಕುಂಚಗಳು ಡಬ್ಬಿಯಲ್ಲೇ ಒಣಗಿದವು. ಉಸ್ತಾದರ ಮಗ ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಅಂಗಡಿ ಹಾಕಿದಾಗ ನನ್ನನ್ನು ಕರೆದು ಕುರ್ಚಿ ಕೊಟ್ಟ. "ಚಾಚಾ, ಅಕ್ಷರ ತಪ್ಪಿದ್ರ ಮಂದಿ ನಗತಾರ. ನೀವು ಇಲ್ಲೆ ಕುಂದರ್ರಿ, ತಪ್ಪು ನೋಡ್ರಿ ಸಾಕು" ಅಂದ. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಮೌಸ್ ಹಿಡಿಯುವುದನ್ನು ಕಲಿತೆ, ಮುಖ ಕತ್ತರಿಸಿ ಅಂಟಿಸುವುದನ್ನು ಕಲಿತೆ. ಈ ವಯಸ್ಸಿನಲ್ಲಿ ಕಲಿತೆನಲ್ಲ ಅಂತ ಸೊಕ್ಕೂ ಇತ್ತು.

ಮನೆಯಲ್ಲಿ ಮಗಳು ಮತ್ತು ಇಬ್ಬರು ಮೊಮ್ಮಕ್ಕಳು. ಅಳಿಯ ತೀರಿಕೊಂಡ ಮೇಲೆ ಮಗಳು ಅಕ್ಕೋಳದಿಂದ ಮಕ್ಕಳನ್ನು ಕಟ್ಟಿಕೊಂಡು ನನ್ನ ಮನೆಗೆ ಬಂದಳು. ಬೀಡಿ ಕಟ್ಟಿ ಸಾಕಿದಳು. ಮೊಮ್ಮಕ್ಕಳನ್ನು ಇಲ್ಲಿ ದೊಡ್ಡವ, ಸಣ್ಣವ ಅಂತಲೇ ಕರೆಯುತ್ತೇನೆ. ಮನೆಯಲ್ಲೂ ಹಾಗೆಯೇ ಕರೆಯುತ್ತಿದ್ದೆವು.

ದೊಡ್ಡವ ಸಣ್ಣ ಹುಡುಗನಾಗಿದ್ದಾಗ ನನ್ನ ಏಣಿ ಹಿಡಿಯುತ್ತಿದ್ದ. ನಾನು ಮೇಲೆ ಬರೆಯುವಾಗ ಕೆಳಗಿನಿಂದ ಒಂದೊಂದೇ ಅಕ್ಷರ ಕೂಗಿ ಓದುತ್ತಿದ್ದ. ಬೆಳೆದ ಮೇಲೆ ಐಟಿಐ ಅರ್ಧಕ್ಕೆ ಬಿಟ್ಟು ತಂಬಾಕಿನ ಮೂಟೆ ಸಾಗಿಸುವ ಗಾಡಿ ಓಡಿಸಿದ. ಚೌಕಿನ ಹುಡುಗರ ಗ್ರೂಪಿಗೆ ಸೇರಿದ, ಸ್ವಲ್ಪ ದಿನದಲ್ಲಿ ಅವನೇ ಗ್ರೂಪಾದ. ಬೈಕಿನ ಸೈಲೆನ್ಸರ್ ಕಿತ್ತು ಓಡಾಡುವುದು, ಗಣಪತಿ ಮೆರವಣಿಗೆಯಲ್ಲಿ ಬೇರೆ ಗಲ್ಲಿಯವರ ಜೊತೆ ಹೊಡೆದಾಟ, ಪೊಲೀಸ್ ಠಾಣೆ. ನನಗೆ ಹೆದರಿಕೆಯಾಗುತ್ತಿತ್ತು. ಆದರೆ ಖರೆ ಹೇಳಬೇಕಲ್ಲ, ಕಾಯಿಪಲ್ಯೆ ಮಾರುವವಳು 'ದಾದಾನ ಅಜ್ಜ' ಅಂತ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ ನಾನು ಬೇಡ ಅಂದದ್ದಿಲ್ಲ. ಮನೆಗೆ ತಂದು, ನಗುತ್ತಾ ಮಗಳಿಗೆ ತೋರಿಸಿದ್ದೇನೆ.

ಅವನಿಗೊಬ್ಬ ಗೆಳೆಯನಿದ್ದ. ಹಿಂದಿನ ಗಲ್ಲಿಯ ಹುಡುಗ. ಅವನ ತಾಯಿ ಮತ್ತು ನನ್ನ ಮಗಳು ಒಂದೇ ಕಟ್ಟೆಯ ಮೇಲೆ ಕುಳಿತು ಬೀಡಿ ಕಟ್ಟುತ್ತಿದ್ದರು, ಹುಡುಗರಿಬ್ಬರು ಒಂದೇ ತಾಟಿನಲ್ಲಿ ಉಂಡು ಬೆಳೆದರು. ಅವನೂ ನನ್ನನ್ನು ಅಜ್ಜಾ ಅಂತಲೇ ಕರೆಯುತ್ತಿದ್ದ, ನಾನು ಬಂದರೆ ಎದ್ದು ನಿಲ್ಲುತ್ತಿದ್ದ. ಇಷ್ಟಾದರೂ ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಮೊಮ್ಮಗ ಕುಡಿದರೆ ಇವನು ಕುಡಿಸಿದ, ಹೊಡೆದರೆ ಇವನು ಹಚ್ಚಿಕೊಟ್ಟ ಅಂತ ನನ್ನ ನಂಬಿಕೆ. ನಮ್ಮ ಹುಡುಗನ ತಪ್ಪುಗಳನ್ನೆಲ್ಲ ಇಡುವುದಕ್ಕೆ ನನಗೊಂದು ಜಾಗ ಬೇಕಾಗಿತ್ತು, ಇವನ ತಲೆ ಸಿಕ್ಕಿತ್ತು.

ದೊಡ್ಡವನ ವಾಢದಿವಸ ಬಂತು. ಹಿಂದಿನ ದಿನವೇ ಫೋಟೋಗಳನ್ನು ನನ್ನ ಮೊಬೈಲಿಗೆ ಕಳಿಸಿ, ತನ್ನ ದನಿಯನ್ನೂ ರೆಕಾರ್ಡ್ ಮಾಡಿ ಕಳಿಸಿದ್ದ: "ಅಜ್ಜಾ, ನನ್ನ ಬಲಗಡೆ ಅಂವನ್ನ ಹಾಕು. ಸಣ್ಣದ ಮಾಡಬ್ಯಾಡ ಮತ್ತ, ನನ್ನ ಭುಜಾಕ್ಕ ಬರೂಹಂಗ ಹಾಕು."

ಅದು ಶುಕ್ರವಾರ. ಮಾಲಕ ಮಧ್ಯಾಹ್ನದ ನಮಾಜಿಗೆ ಹೋಗಿದ್ದ, ಅಂಗಡಿಯಲ್ಲಿ ನಾನೊಬ್ಬನೇ. ಹೇಳಿದ ಹಾಗೆಯೇ ಜೋಡಿಸಿದೆ. ಬಲಗಡೆ ಆ ಹುಡುಗ ಹಲ್ಲು ಬಿಟ್ಟು ನಗುತ್ತಾ ನಿಂತ. ಅವನ ಕೈ ನನ್ನ ಮೊಮ್ಮಗನ ಹೆಗಲ ಮೇಲೆ ಇದ್ದ ಹಾಗೆ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಕುಳಿತೆ. ಆಮೇಲೆ ಮೌಸಿನ ಬಾಣವನ್ನು ಅವನ ಮುಖದ ಮೇಲೆ ಒಯ್ದು ಒತ್ತಿದೆ, ಅಳಿಸಿದೆ. ಮುಖ ತೆಗೆದರೆ ಮನುಷ್ಯ ಹೋಗುತ್ತಾನೆ ಅನ್ನುವುದು ನನ್ನ ಲೆಕ್ಕಾಚಾರ. ಸಿಟ್ಟಾಗುತ್ತಾನೆ, ಮಾತು ಬಿಡುತ್ತಾನೆ, ನಮ್ಮ ಹುಡುಗ ಬಚಾವಾಗುತ್ತಾನೆ. ಯಾರಿಗೂ ಕೆಟ್ಟ ಮಾತು ಆಡಬೇಕಿಲ್ಲ, ಜಗಳ ಮಾಡಬೇಕಿಲ್ಲ, ಎಲ್ಲ ಫ್ಲೆಕ್ಸ್ ತಾನೇ ಮಾಡುತ್ತದೆ.

ಬಲಗಡೆ ಬೋಳಾಗಿ ಕಾಣುತ್ತಿತ್ತು. ಬೋರ್ಡಿನಲ್ಲಿ ಒಂದು ಕಡೆ ಖಾಲಿ ಬಿಟ್ಟರೆ ಉಸ್ತಾದರು ಬೈಯುತ್ತಿದ್ದರು. ಕಂಪ್ಯೂಟರಿನಲ್ಲಿ ಹುಲಿಯ ಚಿತ್ರಗಳಿದ್ದವು. ಬಾಯಿ ತೆರೆದ ಒಂದು ಹುಲಿ ಆರಿಸಿ ಅಲ್ಲಿ ಕೂಡಿಸಿದೆ. ಚಂದ ಕಂಡಿತು. ನಮಾಜಿನಿಂದ ಬಂದ ಮಾಲಕ, "ವಾ ಚಾಚಾ, ಹುಲಿ ಭಾರಿ ಬಂದೈತಿ!" ಅಂದಾಗ ನನಗೆ ಖುಷಿಯಾಯಿತು. ಆ ಖುಷಿ ನೆನಪಾದರೆ ಈಗಲೂ ಕುಳಿತಲ್ಲಿ ಕೂರಲು ಆಗುವುದಿಲ್ಲ, ಎದ್ದು ಅಂಗಳದಲ್ಲಿ ತಿರುಗಾಡುತ್ತೇನೆ.

ಮರುದಿನ ದೊಡ್ಡವ ರಾಯಬಾಗಕ್ಕೆ ಗಾಡಿ ಒಯ್ದಿದ್ದ. ಅವನು ತಿರುಗಿ ಬರುವುದರೊಳಗೆ ಹುಡುಗರು ಚೌಕಿನಲ್ಲಿ ಫ್ಲೆಕ್ಸ್ ಕಟ್ಟಿ ಮುಗಿಸಿದ್ದರು. ಸಂಜೆ ಅವನ ಫೋನು ಬಂತು.

"ಅಜ್ಜಾ, ಅಂವನ ಫೋಟೋ ಎಲ್ಲಿ?"

"ಜಾಗಾ ಸಾಲಲಿಲ್ಲೋ."

"ಜಾಗಾ ಸಾಲಲಿಲ್ಲ? ಮತ್ತ ಹುಲಿಗೆ ಎಲ್ಲಿಂದ ಜಾಗಾ ಬಂತು?"

ಅವನ ಹಿಂದೆ ಹುಡುಗರ ಗದ್ದಲ, ಬೈಕುಗಳ ಸದ್ದು ಕೇಳಿಸುತ್ತಿತ್ತು. ಅವನು ದನಿ ಸಣ್ಣ ಮಾಡಿದ. "ನೀ ಬೇಕಂತ ತೆಗದಿ, ಹೌದಲ್ಲ? ಇರ್ಲಿ ಬಿಡು. ಯಾರ ಮುಂದೂ ಹೇಳಬ್ಯಾಡ, ನಾ ನೋಡ್ಕೋತೀನಿ. ನಾಳೆ ಬ್ಯಾರೇದು ಮಾಡಿಕೊಡು." ಆಮೇಲೆ ನಕ್ಕ. "ಹುಲಿ ಮಾತ್ರ ಮಸ್ತ್ ಐತಿ ನೋಡು."

ಮುಂದಿನದನ್ನು ನಾನು ಕಂಡಿಲ್ಲ. ಅಲ್ಲಿಯೇ ಇದ್ದ ಸಣ್ಣವ ಪೊಲೀಸರಿಗೂ ತಾಯಿಗೂ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಆ ಗೆಳೆಯ ಮಧ್ಯಾಹ್ನದಿಂದ ಪಾನ್ ಅಂಗಡಿಯ ಮುಂದೆ ನಿಂತು ಫ್ಲೆಕ್ಸ್ ನೋಡುತ್ತಿದ್ದನಂತೆ. ಹುಡುಗರು ಅವನನ್ನು ಸುಮ್ಮನೆ ಬಿಟ್ಟಿಲ್ಲ. "ಏನಲೇ, ನಿನ್ನ ಜಾಗಾಕ್ಕ ಹುಲಿ ಬಂದೈತಲ್ಲೋ!" "ಹುಲಿ ಆದ್ರ ಸಾಲಾ ಕೇಳೂದಿಲ್ಲ, ಅದಕ್ಕ ಹಾಕ್ಯಾನ." "ಬಾಲಾ ಇದ್ರ ನೀನೂ ಹೋಗಿ ನಿಂದ್ರು." ಕತ್ತಲಾಗುವ ಹೊತ್ತಿಗೆ ಬೈಕಿನ ಸೀಟಿನ ಮೇಲೆ ಕೇಕ್ ಇಟ್ಟರು. ಕೇಕನ್ನು ತಲವಾರಿನಿಂದ ಕತ್ತರಿಸುವುದು ಈಗಿನ ಹುಡುಗರ ರೂಢಿ. ಪೊಲೀಸರು ಎಷ್ಟು ಸಲ ಹಿಡಿದರೂ ಬಿಡುವುದಿಲ್ಲ. ತಲವಾರು ದೊಡ್ಡವನ ಕೈಯಲ್ಲಿತ್ತು. ಗೆಳೆಯ ಗುಂಪು ಸೀಳಿಕೊಂಡು ಬಂದು, "ಯಾಕ ತೆಗಿಸಿದಿ?" ಅಂದ.

ಅಷ್ಟು ಹುಡುಗರ ಮುಂದೆ, ದಾದಾ ಅನಿಸಿಕೊಂಡವನು, 'ನಮ್ಮಜ್ಜ ತೆಗೆದ' ಅಂತ ಹೇಗೆ ಹೇಳುತ್ತಾನೆ? ನನ್ನ ಮಾನ ಉಳಿಸಿದನೋ ತನ್ನ ಮಾನ ಉಳಿಸಿಕೊಂಡನೋ, ಇನ್ನು ಕೇಳುವಂತಿಲ್ಲ. "ನಾಳೆ ಮಾತಾಡೂಣು" ಅಂದನಂತೆ. ಗೆಳೆಯನಿಗೆ ಅಷ್ಟೇ ಸಾಕಾಯಿತು. "ಹಂಗಾರ ಹುಲೀನ ಕೊಯ್ಲಿ ನಿನ್ನ ಕೇಕು" ಅಂತ ತಲವಾರಿಗೆ ಕೈ ಹಾಕಿದ. ಇವನು ಜಗ್ಗಿದ, ಅವನು ಜಗ್ಗಿದ. ಬೈಕು ಉರುಳಿತು, ಇಬ್ಬರೂ ಬಿದ್ದರು. ತಲವಾರು ದೊಡ್ಡವನ ತೊಡೆಯೊಳಗೆ ಹೋಗಿತ್ತು. ಕೊಲ್ಲಾಪುರದ ಆಸ್ಪತ್ರೆ ಮುಟ್ಟುವುದರೊಳಗೆ ರಕ್ತವೆಲ್ಲ ಹರಿದು ಹೋಯಿತು. ಗಾಡಿಯಲ್ಲಿ ಅವನ ತೊಡೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕುಳಿತವನು ಆ ಗೆಳೆಯನೇ. ಪೊಲೀಸರು ಅವನನ್ನು ಆಸ್ಪತ್ರೆಯ ಬಾಗಿಲಲ್ಲಿ ಹಿಡಿದರು.

ಶ್ರದ್ಧಾಂಜಲಿಯ ಫ್ಲೆಕ್ಸ್ ನಾನೇ ಮಾಡಿದೆ. "ಚಾಚಾ, ನೀವು ಬ್ಯಾಡ್ರಿ, ನಾ ಮಾಡ್ತೀನಿ" ಅಂತ ಮಾಲಕ ಕೈ ಹಿಡಿದ. ನಾನು ಬಿಡಲಿಲ್ಲ. ದೊಡ್ಡವನದು ಬೇರೆ ಒಳ್ಳೆಯ ಫೋಟೋ ಇರಲಿಲ್ಲ. ಅದೇ ಗಾಗಲ್ ಹಾಕಿದ್ದನ್ನೇ ತೆಗೆದುಕೊಂಡು ಹಿಂದಿನ ಬಣ್ಣ ಬದಲಿಸಿದೆ, ಹುಲಿಯನ್ನು ತೆಗೆದೆ. ನನ್ನ ಮೊಮ್ಮಗ ಚೌಕಿನಲ್ಲಿ ಕರಿ ಗಾಗಲ್ ಹಾಕಿಕೊಂಡೇ ಭಾವಪೂರ್ಣ ಶ್ರದ್ಧಾಂಜಲಿ ಸ್ವೀಕರಿಸಿದ.

ಊರು ಏನು ಹೇಳಿತು ಅಂದರೆ, ದೊಡ್ಡವನಿಗೆ ಸೊಕ್ಕು ಏರಿತ್ತು, ಉಂಡ ಮನೆಯ ಗೆಳೆಯನನ್ನು ತೆಗೆಸಿದ, ಅನುಭವಿಸಿದ. ಅದನ್ನು ನಾನು ಕೇಳಿಸಿಕೊಂಡೆ. ನನ್ನ ಮಗಳು ಆ ಹುಡುಗನ ತಾಯಿಗೆ ಕಟ್ಟೆಯ ಮೇಲೆ ನಿಂತು ಶಾಪ ಹಾಕಿದಳು, ಆಕೆ ಮೊರ ಎತ್ತಿಕೊಂಡು ಹೋದವಳು ಮತ್ತೆ ನಮ್ಮ ಕಟ್ಟೆಗೆ ಬರಲಿಲ್ಲ. ಅದನ್ನೂ ಕಂಡೆ. ಪೊಲೀಸರು ಮನೆಗೆ ಬಂದು, ಜಗಳಕ್ಕೆ ಮೊದಲಿನಿಂದ ದ್ವೇಷ ಇತ್ತೇ ಅಂತ ಕೇಳಿದಾಗ, "ಹುಡುಗ್ರದು ನಮಗೇನ ಗೊತ್ತಾಕೈತ್ರಿ" ಅಂದೆ. 'ಯಾರ ಮುಂದೂ ಹೇಳಬ್ಯಾಡ' ಅಂತ ಸತ್ತವನೇ ಹೇಳಿದ್ದನಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಸತ್ತವನ ಮಾತು ನಡೆಸುತ್ತಿದ್ದೇನೆ ಅನ್ನುವ ನೆಪ ಬಹಳ ಅನುಕೂಲವಾಗಿತ್ತು.

ಆದರೆ ಸಣ್ಣವನನ್ನು ನೋಡುವುದು ಕಷ್ಟವಾಯಿತು. ಪಿಯುಸಿ ಎರಡನೆಯ ವರ್ಷ, ಓದುವ ಹುಡುಗ. ಅಣ್ಣ ಹೋದ ಮೇಲೆ ಅವನು ಒಂದು ಕಡೆ ಕೂತದ್ದನ್ನು ನಾನು ಕಾಣಲಿಲ್ಲ. ಊಟಕ್ಕೆ ಕುಳಿತರೆ ತೊಡೆ ಕುಣಿಸುತ್ತಿದ್ದ, ತುತ್ತು ಬಾಯಲ್ಲಿರುವಾಗಲೇ ಎದ್ದು ಹೋಗುತ್ತಿದ್ದ. ಅಣ್ಣನ ಬೈಕ್ ತೆಗೆದುಕೊಂಡು ಬೆಳಗ್ಗೆ ಚಿಕ್ಕೋಡಿ, ಮಧ್ಯಾಹ್ನ ಕಾಗವಾಡದ ಕಡೆ, ಸಂಜೆ ಮತ್ತೆ ಚೌಕು. "ಎಲ್ಲಿಗೆ ಹೋಗಿದ್ದಿ?" ಅಂದರೆ "ಎಲ್ಲೂ ಇಲ್ಲ." ಚೌಕಿನ ಹುಡುಗರು ಅವನನ್ನು ನಡುವೆ ಕೂಡಿಸಿಕೊಳ್ಳತೊಡಗಿದರು, ಸಣ್ಣ ದಾದಾ ಅಂತ ಕರೆದರು. ಅವನ ವಾಢದಿವಸ ಹತ್ತಿರ ಬರುತ್ತಿತ್ತು. ಒಬ್ಬ ಹುಡುಗ ನಮ್ಮ ಅಂಗಡಿಯಲ್ಲೇ, ನನ್ನ ಮುಂದೆಯೇ ಅಂದ: "ಅಣ್ಣನ ಸಾವಿನ ಬದಲಾ ತಗೋಳಾರದ ಕೇಕ್ ಹೆಂಗ ಕೊಯ್ತಿಲೇ ನೀ?" ಸಣ್ಣವ ನಗಲಿಲ್ಲ.

ಆ ಹೊತ್ತಿಗೆ ಗೆಳೆಯನಿಗೆ ಜಾಮೀನು ಸಿಕ್ಕಿತು. ನಿಪ್ಪಾಣಿಗೆ ಬರದೆ ಯಡೂರಿನಲ್ಲಿ ಸೋದರಮಾವನ ಮನೆಯಲ್ಲಿ ಇದ್ದಾನೆ ಅಂತ ಸುದ್ದಿ ಬಂತು. ಸುದ್ದಿ ತಂದವರೂ ಚೌಕಿನವರೇ.

ಒಂದು ಮುಂಜಾನೆ ಸಣ್ಣವ ಬೈಕಿಗೆ ಒಂದು ಗೋಣಿಚೀಲ ಕಟ್ಟುತ್ತಿದ್ದ. ಚೀಲದ ಬಾಯಿಂದ ಮರದ ಹಿಡಿ ಕಾಣುತ್ತಿತ್ತು. ಕಬ್ಬು ಕಡಿಯುವ ಕೊಯ್ತಾ. ನಮ್ಮ ಕಡೆ ಕೊಯ್ತಾ ಒಯ್ದರೆ ಯಾರೂ ತಿರುಗಿ ನೋಡುವುದಿಲ್ಲ, ಹಂಗಾಮಿನಲ್ಲಂತೂ ಎರಡು ಬೈಕುಗಳಲ್ಲಿ ಒಂದಕ್ಕೆ ಇದ್ದೇ ಇರುತ್ತದೆ. ಆದರೆ ಕೆಲಸದ ಕೊಯ್ತಾದ ಹಿಡಿ ಬೆವರು ಕುಡಿದು ಕರ‍್ರಗಾಗಿರುತ್ತದೆ. ಇದು ಬೆಳ್ಳಗಿತ್ತು. ನಮಗೆ ಹೊಲವೂ ಇಲ್ಲ, ಕಬ್ಬೂ ಇಲ್ಲ.

"ಎಲ್ಲಿಗೆ?"

"ಚಿಕ್ಕೋಡಿಗೆ. ಕಾಲೇಜಿನ ಕೆಲಸ ಐತಿ."

ನಾನು ಚಪ್ಪಲಿ ಮೆಟ್ಟಿ ಹಿಂದಿನ ಸೀಟಿನ ಮೇಲೆ ಹತ್ತಿ ಕುಳಿತೆ.

"ಅಜ್ಜಾ, ಇಳಿ."

"ನಾನೂ ಚಿಕ್ಕೋಡಿಗೆ ಬರ್ತೀನಿ. ಕಣ್ಣು ತೋರಸಬೇಕು."

"ಕಣ್ಣಿನ ಡಾಕ್ಟರ್ ಇವತ್ತ ಇರೂದಿಲ್ಲ."

"ಇರಲಿಲ್ಲಂದ್ರ ಹಲ್ಲು ತೋರಸ್ತೀನಿ."

"ನಿನಗ ಹಲ್ಲೆಲ್ಲಿ ಅದಾವು?"

"ಅದನ್ನ ತೋರಸಬೇಕಾಗೈತಿ. ನಡಿ."

ಒಳಗಿನಿಂದ ಮಗಳು, "ಅಜ್ಜನ್ನ ಕರಕೊಂಡು ಹೋಗೋ, ಏನಾಕೈತಿ ನಿನಗ" ಅಂದಳು. ತಾಯಿಯ ಮುಂದೆ ಅವನು ಹೆಚ್ಚು ಮಾತಾಡಲಾರದೆ ಕಿಕ್ ಹೊಡೆದ. ಗೋಣಿಚೀಲ ನನ್ನ ಮೊಣಕಾಲಿಗೆ ಒತ್ತುತ್ತಿತ್ತು.

ಊರು ದಾಟಿದ ಮೇಲೆ ಹೇಳಬೇಕು ಅಂತ ಅಂದುಕೊಂಡೆ. ಊರು ದಾಟಿತು. ಆ ಮರ ಬರಲಿ, ಈ ಸೇತುವೆ ದಾಟಲಿ ಅಂತ ಮುಂದಕ್ಕೆ ಹಾಕಿದೆ. ದಾರಿಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೆ ಎರಡೆರಡು ಟ್ರಾಲಿ, ಒಂದೊಂದರ ಸ್ಪೀಕರಿನಲ್ಲಿ ಒಂದೊಂದು ಹಾಡು. ಸಣ್ಣವ ಅವುಗಳ ನಡುವೆ ನುಸುಳಿ ಓಡಿಸುತ್ತಿದ್ದ. ಕೊನೆಗೆ ಕಣ್ಣು ಮುಚ್ಚಿಕೊಂಡು ಅವನ ಬೆನ್ನಿಗೆ ಹೇಳಿದೆ, "ಫೋಟೋ ನಾ ತೆಗದೆ."

"ಏನಂದಿ?"

"ಫ್ಲೆಕ್ಸಿನ ಫೋಟೋ!"

"ಕೇಳವಲ್ದು, ಜೋರ ಹೇಳು!"

ಆಗ ಟ್ರ್ಯಾಕ್ಟರೊಂದನ್ನು ದಾಟುತ್ತಿದ್ದೆವು, ಸ್ಪೀಕರು ನಮ್ಮ ಕಿವಿಗೇ ಬಡಿಯುತ್ತಿತ್ತು. ಇಷ್ಟು ತಿಂಗಳು ಗಂಟಲಲ್ಲಿ ಇಟ್ಟುಕೊಂಡದ್ದನ್ನು ನಾನು ಸಂತೆಯಲ್ಲಿ ಕೂಗುವವನ ಹಾಗೆ ಕೂಗಿದೆ. "ಆ ಹುಡುಗನ ಫೋಟೋ ನಿಮ್ಮಣ್ಣ ತೆಗಿಸಿಲ್ಲೋ! ನಾ ತೆಗದೀನಿ! ನಾ!" ಕಬ್ಬಿನ ಮೇಲೆ ಕುಳಿತ ಹೆಂಗಸು ಬಗ್ಗಿ ನೋಡಿದಳು. ಬೈಕು ಒಮ್ಮೆ ತೊನೆದು, ರಸ್ತೆಯ ಬದಿಗೆ ಇಳಿದು ನಿಂತಿತು. ಚಿಕ್ಕೋಡಿ ಇನ್ನೂ ಸ್ವಲ್ಪ ದೂರವಿತ್ತು. ಎದುರಿಗೆ ಒಂದು ಕಬ್ಬಿನ ಹಾಲಿನ ಗಾಣ, ಗಿರಾಕಿ ಯಾರೂ ಇರಲಿಲ್ಲ.

ಅವನು ತಿರುಗಲಿಲ್ಲ. ಹ್ಯಾಂಡಲ್ ಹಿಡಿದು ಮುಂದೆ ನೋಡುತ್ತಲೇ ಕೇಳಿದ.

"ಅಣ್ಣ ಏನ ಹೇಳಿದ್ದ?"

"ಬಲಗಡೆ ಹಾಕು, ಭುಜಾಕ್ಕ ಬರೂಹಂಗ ಹಾಕು ಅಂದಿದ್ದ."

"ನೀ ಯಾಕ ತೆಗದಿ?"

"ಅಂವಾ ಕೆಟ್ಟಾಂವ, ಅಂವಾ ದೂರ ಆದ್ರ ನಿಮ್ಮಣ್ಣ ಸುಧಾರಸ್ತಾನ ಅಂತ..."

"ಗಣಪತ್ಯಾಗ ಮೊದಲ ಕಲ್ಲು ಒಗದಾಂವ ಯಾರು, ಗೊತ್ತೈತಿ ನಿನಗ? ಅಣ್ಣ. ಅಂವಾ ಬ್ಯಾಡ ಅಂತ ಅಣ್ಣನ ಕೈ ಹಿಡದಿದ್ದ. ನಾ ಅಲ್ಲೇ ಇದ್ನಿ."

ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಹೋಗಿರಲಿಲ್ಲ.

"ಅಣ್ಣಗ ಗೊತ್ತಿತ್ತಾ, ನೀ ತೆಗದದ್ದು?"

"ಗೊತ್ತಿತ್ತು. ಫೋನಿನ್ಯಾಗ ಹೇಳಿದ. ಯಾರ ಮುಂದೂ ಹೇಳಬ್ಯಾಡ, ನಾ ನೋಡ್ಕೋತೀನಿ ಅಂದ."

ಆಗ ಅವನು ತಿರುಗಿದ. ಬೈಯುತ್ತಾನೆ, ಕೈ ಎತ್ತಿದರೂ ಎತ್ತಲಿ ಅಂತ ಕುಳಿತಿದ್ದೆ. ಅವನು ನನ್ನ ಮುಖವನ್ನು ಗುರುತು ಹಿಡಿಯುವವನ ಹಾಗೆ ನೋಡಿದ.

"ಇಳಿ" ಅಂದ.

"ನಾ ಇಳಿಯೂದಿಲ್ಲ. ಆ ಚೀಲ ಇಲ್ಲೇ ಬಿಟ್ಟು ಹೋಗು."

"ಇಳೀತಿಯೋ, ನಾ ಬೈಕ್ ಕೆಡವಲೋ?"

ಇಳಿದೆ. ಚೀಲಕ್ಕೆ ಕೈ ಹಾಕಿದೆ, ಅಷ್ಟರಲ್ಲಿ ಬೈಕು ಜಗ್ಗಿ ಹೋಯಿತು. ಹಗ್ಗದ ತುದಿ ಅಂಗೈ ಸುಟ್ಟಿತು. ನನ್ನ ಮಾತಿನಿಂದ ಅವನು ನಿಲ್ಲುತ್ತಾನೆ ಅಂತ ಹೇಳಿದ್ದೆ. ಈಗ ಅವನು ಮೊದಲಿಗಿಂತ ಜೋರಾಗಿ ಹೋಗಿದ್ದ, ಕೊಯ್ತಾ ಅವನ ಹತ್ತಿರವೇ ಇತ್ತು.

ಒಂದು ಟಂಟಂ ರಿಕ್ಷಾ ಹಿಡಿದು ಚಿಕ್ಕೋಡಿಗೆ ಬಂದೆ, ಅಲ್ಲಿಂದ ಇನ್ನೊಂದರಲ್ಲಿ ಯಡೂರಿನ ದಾರಿ. ಅದು ಯಡೂರಿನ ವೀರಭದ್ರ ದೇವರಿಗೆ ಹೋಗುವ ಮಂದಿಯಿಂದ ತುಂಬಿತ್ತು. ಕಾಯಿ ಚೀಲ ಹಿಡಿದ ಒಬ್ಬಾಕೆ, "ಅಜ್ಜಾರ, ಯಾಕ ಇಷ್ಟ ನಡಗಾಕತ್ತೀರಿ, ಜ್ವರಾ ಬಂದಾವೇನ್ರಿ?" ಅಂದಳು. ಹೌದು ಅಂದೆ. "ವೀರಭದ್ರಗ ಬೇಡಿಕೋರಿ, ಇಳಿತಾವ." ನಾನು ಬೇಡಿಕೊಳ್ಳಲಿಲ್ಲ. ನನಗೆ ಬೇಡಲು ಬಾಯಿ ಇರಲಿಲ್ಲ. ಪ್ರತಿ ಊರಿನಲ್ಲಿ ನಿಲ್ಲಿಸುತ್ತಿದ್ದ ಡ್ರೈವರನಿಗೆ ನಡಿ ನಡಿ ಅನ್ನುತ್ತಲೇ ಇದ್ದೆ.

ಸೋದರಮಾವನ ಮನೆ ಕೇಳಿಕೊಂಡು ಹೋದೆ. ಬಾಗಿಲಲ್ಲಿ ದೊಡ್ಡವನ ಬೈಕು ನಿಂತಿತ್ತು. ಚೀಲ ಇರಲಿಲ್ಲ. ಅಂಗಳದಲ್ಲಿದ್ದ ಹೆಂಗಸು, "ಹುಡುಗ್ರು ಹೊಳಿ ಕಡೆ ಹ್ವಾದ್ರು" ಅಂದಳು. ಹೊಳೆ ಅಂದರೆ ಕೃಷ್ಣೆ. ಹೇಗೆ ಹೋದೆನೋ ನೆನಪಿಲ್ಲ, ಒಂದು ಚಪ್ಪಲಿ ದಾರಿಯಲ್ಲೇ ಉಳಿದಿತ್ತು.

ಮೆಟ್ಟಿಲ ಮೇಲೆ ಇಬ್ಬರೂ ಕುಳಿತಿದ್ದರು. ಪಕ್ಕಪಕ್ಕ ಅಲ್ಲ, ನಡುವೆ ಇನ್ನೊಬ್ಬ ಕೂರುವಷ್ಟು ಜಾಗ ಬಿಟ್ಟು. ಗೋಣಿಚೀಲ ಕಟ್ಟಿದ ಹಾಗೆಯೇ ಸಣ್ಣವನ ಕಾಲ ಹತ್ತಿರ ಬಿದ್ದಿತ್ತು. ಆ ಹುಡುಗ ಬಹಳ ಇಳಿದಿದ್ದ, ಕೂದಲು ಸಣ್ಣಗೆ ಕತ್ತರಿಸಿತ್ತು. ನನ್ನನ್ನು ಕಂಡು ಎದ್ದು ನಿಂತ. ಮೊದಲಿನ ರೂಢಿ.

ಸಣ್ಣವ ಎಲ್ಲ ಹೇಳಿಬಿಟ್ಟಿದ್ದ ಅಂತ ಆ ಹುಡುಗನ ಮುಖ ನೋಡಿ ತಿಳಿಯಿತು. ನಾನು ಬಗ್ಗಿ ಅವನ ಕಾಲು ಹಿಡಿಯಲು ಹೋದೆ. ಅವನು ಎರಡು ಮೆಟ್ಟಿಲು ಹಿಂದೆ ಸರಿದ. "ಮುಟ್ಟಬ್ಯಾಡ್ರಿ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಿಳಿಯದ ಹುಡುಗ ಮಾಸ್ತರನ್ನು ಕೇಳುವ ಹಾಗೆ ಕೇಳಿದ:

"ಅಜ್ಜಾ, ಕೆಳಗ ಸಣ್ಣದಾಗಿ ಹಾಕಿದ್ರೂ ನಡೀತಿತ್ತಲ್ರಿ?"

ಬಗ್ಗಿದ್ದವನು ಹಾಗೆಯೇ ಮೆಟ್ಟಿಲ ಮೇಲೆ ಕುಳಿತೆ.

"ಅಂವಾ ನನ್ನ ತೆಗಿಸ್ಯಾನ ಅಂತ ನಾ ನಂಬಿದ್ನಿ" ಅಂದ. ಇದನ್ನು ನನಗಲ್ಲ, ಸಣ್ಣವನಿಗೆ ಹೇಳಿದ. "ಒಂದ ಸಲ ಬಾಜೂಕ ಕರದು ಕೇಳಲಿಲ್ಲ ನೋಡು." ಸಣ್ಣವ ತಲೆ ಅಲ್ಲಾಡಿಸಿದ. ಅವರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಣ್ಣವ ಚೀಲವನ್ನು ಕಾಲಿನಿಂದ ಅವನ ಕಡೆ ನೂಕಿದ.

"ಇದನ್ನ ನಿಮ್ಮ ಮಾಮಾಗ ಕೊಡು. ಕಬ್ಬಿಗೆ ಬರ್ತದ."

"ಹೊಸಾದೈತಲ್ಲೋ" ಅಂದ ಅವನು, ಹಿಡಿ ಮುಟ್ಟಿ ನೋಡಿ. ಅದು ಯಾಕೆ ತಂದದ್ದು ಅಂತ ಅವನಿಗೆ ತಿಳಿಯದೆ ಇರಲಿಲ್ಲ.

ಸಣ್ಣವ ನನ್ನನ್ನು ಬೈಕಿನ ಮೇಲೆ ಹತ್ತಿಸಿಕೊಳ್ಳಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಕೈ ತೋರಿಸಿ, ಅಥಣಿ ಕಡೆಯ ದಾರಿ ಹಿಡಿದ. ಅಲ್ಲಿ ಅವನ ಕಾಲೇಜಿನ ಗೆಳೆಯನೊಬ್ಬ ಬೇದಾಣಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ದ್ರಾಕ್ಷಿಯನ್ನು ಜಾಳಿಗೆಯ ಮೇಲೆ ಹರಡಿ ಒಣಗಿಸಿ ಬೇದಾಣಿ ಮಾಡುವ ಶೆಡ್ಡುಗಳು ಆ ಕಡೆ ಬಹಳ. ಇವನೂ ಅಲ್ಲೇ ಉಳಿದ. ಚೌಕಿನ ಹುಡುಗರು ಕೆಲವು ದಿನ ಬಂದು ಕೇಳಿದರು, ಆಮೇಲೆ ಇನ್ನೊಬ್ಬನನ್ನು ನಡುವೆ ಕೂಡಿಸಿಕೊಂಡರು. ಅವನ ಫ್ಲೆಕ್ಸೂ ನಮ್ಮ ಅಂಗಡಿಯಲ್ಲೇ ಆಯಿತು.

ಅದೇ ಸಂಜೆ ಮಗಳಿಗೆ ಎಲ್ಲ ಹೇಳಿದೆ. ಬೀಡಿಗೆ ದಾರ ಸುತ್ತುತ್ತಿದ್ದವಳು ಸುತ್ತುತ್ತಲೇ ಇದ್ದಳು. ಮೊರದಲ್ಲಿ ಎಲೆ ಮುಗಿದ ಮೇಲೂ ಬೆರಳು ಆಡುತ್ತಿದ್ದವು. ಮರುದಿನ ಹಿಂದಿನ ಗಲ್ಲಿಗೆ ಹೋಗಿ ಆ ತಾಯಿಯ ಮನೆಯ ಬಾಗಿಲಲ್ಲಿ ಬಹಳ ಹೊತ್ತು ಕುಳಿತು ಬಂದಳು. ನನಗೆ ರೊಟ್ಟಿ ಹಾಕುತ್ತಾಳೆ, ಬೇಕೇ ಸಾಕೇ ಅಂತ ಕೇಳುವುದಿಲ್ಲ. ವಕೀಲರಿಗೂ ಹೇಳಿದ್ದೇನೆ. ಕೋರ್ಟಿನಲ್ಲಿ ಕರೆದಾಗ ನಿಂತು ಹೇಳುತ್ತೇನೆ. ಅದರಿಂದ ಆ ಹುಡುಗನಿಗೆ ಎಷ್ಟು ಉಪಯೋಗವೋ ನನಗೆ ತಿಳಿಯದು.

ಅಂಗಡಿಗೆ ಈಗಲೂ ಹೋಗುತ್ತೇನೆ. ಹುಡುಗರು ಫೋಟೋ ತಂದರೆ, "ಯಾರರ ಉಳದಾರೇನು, ನೋಡ್ರಿ" ಅಂತ ಕೇಳುತ್ತೇನೆ. ಅವರು ನಗುತ್ತಾರೆ. "ಅಜ್ಜಾ, ಎಲ್ಲಾರೂ ಅದಾರ, ನೀ ಒಬ್ಬನ ಉಳದಿ. ಹಾಕೂಣೇನು?" ಹುಲಿ ಬೇಕು ಅಂದರೆ ಮಾಲಕನಿಗೆ ಹೇಳಿ ಹೊರಗೆ ಬಂದು ನಿಲ್ಲುತ್ತೇನೆ.

ಸಣ್ಣವ ತಾಯಿಗೆ ಫೋನ್ ಮಾಡುತ್ತಾನೆ. ನನ್ನ ಮೊಬೈಲಿಗೆ ಮಾಡುತ್ತಿರಲಿಲ್ಲ. ಮೊನ್ನೆ ಮಾಡಿದ. ಕ್ಷೇಮ ಸಮಾಚಾರ ಏನೂ ಇಲ್ಲ.

"ನಮ್ಮ ಶೆಡ್ಡಿಗೆ ಬೋರ್ಡ್ ಬೇಕಾಗೈತಿ. ಬಿಸಲಿಗೆ ಫ್ಲೆಕ್ಸ್ ತಡೆಯೂದಿಲ್ಲ, ಹರೀತೈತಿ. ಕೈಲೇ ಬರೀತಿಯೇನು?"

"ಬರೀತೀನಿ. ಫೋಟೋ..."

"ಫೋಟೋ ಗೀಟೋ ಏನೂ ಬ್ಯಾಡ. ಅಕ್ಷರ ಅಷ್ಟ."

ಒಣಗಿದ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಇದ್ದುದರಲ್ಲಿ ಕೆಲಸಕ್ಕೆ ಬರುವ ಎರಡನ್ನು ತೆಗೆದುಕೊಂಡು ಅಥಣಿಗೆ ಹೋದೆ. ಸಣ್ಣವ ಕಪ್ಪಾಗಿದ್ದ, ಅಂಗೈಯಲ್ಲಿ ದ್ರಾಕ್ಷಿಯ ಅಂಟು. ಚಹಾ ತರಿಸಿದ, ತಾನು ಕುಡಿಯಲಿಲ್ಲ. ಬೋರ್ಡು ಬಾಗಿಲ ಮೇಲೆ ಎತ್ತರದಲ್ಲಿತ್ತು. ಏಣಿ ಹಳೆಯದು, ಕಾಲು ಅಲುಗುತ್ತಿತ್ತು. ಅವನೇ ಬಂದು ಎರಡೂ ಕೈಯಿಂದ ಹಿಡಿದ.

"ನಾ ಹಿಡೀತೀನಿ, ಹತ್ತು. ಆದ್ರ ನನ್ನ ಕೂಡ ಮಾತಾಡಬ್ಯಾಡ."

ಹತ್ತಿದೆ. ಮೊದಲನೆಯ ಅಕ್ಷರ ಸೊಟ್ಟ ಬಂತು. ಒರೆಸಿ ಮತ್ತೆ ಬರೆದೆ. ಕೆಳಗಿನಿಂದ ಯಾರೂ ಕೂಗಿ ಓದಲಿಲ್ಲ. ನಾನು ಕೆಳಗೆ ನೋಡಲಿಲ್ಲ, ಏಣಿಯೂ ಅಲುಗಲಿಲ್ಲ. ಅರ್ಧ ಬರೆದಿದ್ದೇನೆ. ಬಣ್ಣ ಒಣಗಬೇಕು, ಮುಂದಿನ ವಾರ ಬಾ ಅಂದಿದ್ದಾನೆ.